ಮನೆಯಲ್ಲಿ ಗಡಸು ನೀರು: ಮೆಶಿನ್ ಕೊಳ್ಳುವ ಮೊದಲು ದೋಷ ಎಲ್ಲಿದೆ ಅಂತ ಪತ್ತೆ ಮಾಡಿ

ಗೀಸರ್ ಒಳಗೆ ಟಪ್ ಟಪ್ ಸದ್ದು. ನಲ್ಲಿ ಮೂತಿಗೆ ಬಿಳಿ ಕರೆ. ಎಷ್ಟು ವಿಸಿಲ್ ಕೂಗಿಸಿದರೂ ಬೇಯದ ಬೇಳೆ. ಇಷ್ಟಾದ ಮೇಲೆ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು, "ನೀರು ಸರಿ ಇಲ್ಲ". ಫಿಲ್ಟರ್ ಮಾರುವವರನ್ನು ಕರೆಸಿದರೆ ಅವರು ಜೇಬಿನಿಂದ ಟಿಡಿಎಸ್ ಮೀಟರ್ ತೆಗೆದು ಲೋಟದ ನೀರಿಗೆ ಅದ್ದುತ್ತಾರೆ. 780 ಅಂತ ತೋರಿಸುತ್ತದೆ. "ನೋಡಿ ಸಾರ್, ಎಷ್ಟಿದೆ! ಸಾಫ್ಟ್‌ನರ್ ಹಾಕಿಸ್ಬಿಡಿ, ಎಲ್ಲ ಸರಿಹೋಗುತ್ತೆ." ದುಡ್ಡು ಕೊಟ್ಟು ಹಾಕಿಸಿದ ಮೇಲೆ ಅದೇ ಮೀಟರ್ ಅದ್ದಿದರೆ ಆಗಲೂ 780ರ ಆಸುಪಾಸು. ಮೋಸ ಹೋದೆವು ಅಂತ ಜಗಳ ಶುರು. ಅಲ್ಲಿ ಮೆಶಿನ್ ಸರಿಯಾಗೇ ಇರುತ್ತದೆ. ಅಳೆದದ್ದೇ ಬೇರೆ ಏನನ್ನೋ.

ಬೋರ್‌ವೆಲ್ ನೀರಿನ ಮನೆಯಲ್ಲಿ ಏನೇ ಕೆಟ್ಟರೂ ನೀರಿನ ತಲೆಗೇ ಕಟ್ಟುವುದು ನಮಗೆ ರೂಢಿ. ಕೆಲವು ಸಲ ಅದು ನಿಜ. ಇನ್ನು ಕೆಲವು ಸಲ ಕಾರಣ ಕಬ್ಬಿಣದ ಅಂಶ, ಕಡಿಮೆ ವೋಲ್ಟೇಜ್, ಹಳೇ ಬೇಳೆ, ಮರಳು ಕಟ್ಟಿದ ಜಾಲರಿ. ಯಾವುದು ಅಂತ ಮನೆಯಲ್ಲೇ ಪತ್ತೆ ಮಾಡಬಹುದು. ಬೆಂಗಳೂರು ಮತ್ತು ಸುತ್ತಲಿನ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೇರೆ ಊರಿನಲ್ಲೂ ವಿಧಾನ ಇದೇ.

ಟಿಡಿಎಸ್ ಬೇರೆ, ಗಡಸುತನ ಬೇರೆ

ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಲೆಕ್ಕ ಟಿಡಿಎಸ್. ಅಡುಗೆ ಉಪ್ಪು ಕರಗಿದ್ದರೂ ಅದರಲ್ಲೇ ಸೇರುತ್ತದೆ, ಸುಣ್ಣ ಕರಗಿದ್ದರೂ ಅದರಲ್ಲೇ. ಗಡಸುತನ ಅಂದರೆ ಆ ಒಟ್ಟಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಪಾಲು ಎಷ್ಟು ಅನ್ನುವುದು ಮಾತ್ರ. ಜೇಬಿನ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ನೋಡಿ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಕರಗಿರುವುದು ಯಾವ ಲವಣ ಅಂತ ಅದಕ್ಕೆ ತಿಳಿಯುವುದಿಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅದರ ಬದಲಿಗೆ ಸೋಡಿಯಂ ಬಿಡುತ್ತದೆ. ಒಂದು ಹೋಯಿತು, ಇನ್ನೊಂದು ಬಂತು. ಒಟ್ಟು ಹೆಚ್ಚುಕಡಿಮೆ ಅಷ್ಟೇ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 (2012) ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಅಂತ ಮಿತಿ ಹೇಳುತ್ತದೆ. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪುತ್ತದೆ. ಟಿಡಿಎಸ್‌ಗೆ ಅದೇ ರೀತಿ 500 ಮತ್ತು 2000. ಕಿಟ್‌ಗಳಲ್ಲಿ ಪಿಪಿಎಂ ಅಂತ ಬರೆದಿರುವುದೂ ಲೀಟರಿಗೆ ಮಿಲಿಗ್ರಾಂ ಲೆಕ್ಕವೇ. ಟಿಡಿಎಸ್ 780 ಇರುವ ಎರಡು ಮನೆಗಳಲ್ಲಿ ಒಂದರ ಗಡಸುತನ 150 ಇರಬಹುದು, ಇನ್ನೊಂದರದ್ದು 500. ಮೊದಲನೆಯ ಮನೆಗೆ ಸಾಫ್ಟ್‌ನರ್ ಬೇಡವೇ ಬೇಡ. ನಾಲಗೆಯನ್ನೂ ನಂಬಬೇಡಿ. ಬಾಯಿಗೆ ಉಪ್ಪುಪ್ಪು ಅನ್ನಿಸಿದರೆ ಸೋಡಿಯಂ ಜಾಸ್ತಿ ಇರಬಹುದು, ಗಡಸುತನ ಅಷ್ಟೊಂದು ಇಲ್ಲದೆಯೂ ಇರಬಹುದು.

ಮೊದಲು ಅಳೆಯಿರಿ

ಖರ್ಚಿಲ್ಲದ ದಾರಿ ಸೋಪಿನ ಪರೀಕ್ಷೆ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿ ತೆಗೆದುಕೊಳ್ಳಿ. ಒಂದಕ್ಕೆ ನಲ್ಲಿ ನೀರು ಅರ್ಧ, ಇನ್ನೊಂದಕ್ಕೆ ಆರ್‌ಓ ನೀರು ಅಥವಾ ಹಿಡಿದಿಟ್ಟ ಮಳೆ ನೀರು ಅರ್ಧ. ಮೈ ಸೋಪನ್ನು ಸ್ವಲ್ಪ ತುರಿದು ಬಿಸಿ ನೀರಿನಲ್ಲಿ ಕರಗಿಸಿ, ಎರಡಕ್ಕೂ ಹತ್ತು ಹತ್ತು ಹನಿ ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಮಳೆ ನೀರಿನಲ್ಲಿ ನೊರೆ ದಪ್ಪಗೆ ಕೂರುತ್ತದೆ, ನೀರು ತಿಳಿಯಾಗೇ ಇರುತ್ತದೆ. ಗಡಸು ನೀರಿನಲ್ಲಿ ನೊರೆ ಬಂದಷ್ಟೇ ಬೇಗ ಹೋಗುತ್ತದೆ, ನೀರು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿ ಮೇಲೆ ಗಸಿ ತೇಲುತ್ತದೆ. ಬಕೆಟ್ ಒಳಗೆ ಅಂಟಿಕೊಳ್ಳುವ ಜಿಡ್ಡು ಇದೇ. ಶಾಂಪೂ, ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಪುಡಿ ಬಳಸಬೇಡಿ. ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ, ಪರೀಕ್ಷೆ ಹಾಳಾಗುತ್ತದೆ.

ಗಡಸು ಹೌದೋ ಅಲ್ಲವೋ ಅಂತ ಸೋಪು ಹೇಳುತ್ತದೆ, ಎಷ್ಟು ಅಂತ ಹೇಳುವುದಿಲ್ಲ. ಅದಕ್ಕೆ ಹನಿ ಎಣಿಸುವ ಕಿಟ್ ಬೇಕು. ಅಕ್ವೇರಿಯಂ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಒಂದು ಸಾಫ್ಟ್‌ನರ್ ಬೆಲೆಯ ಮುಂದೆ ಇದರ ಬೆಲೆ ಲೆಕ್ಕಕ್ಕೇ ಇಲ್ಲ. ಕೊಟ್ಟಿರುವ ಚಿಕ್ಕ ಸೀಸೆಗೆ ಗೆರೆಯವರೆಗೆ ನೀರು ತುಂಬಿ. ಮೊದಲ ದ್ರವದ ಕೆಲವು ಹನಿ, ಆಮೇಲೆ ಬಣ್ಣದ ಪುಡಿ ಚಿಟಿಕೆ. ಗಡಸುತನ ಇದ್ದರೆ ನೀರು ದ್ರಾಕ್ಷಿ ರಸದ ಕೆಂಪಿಗೆ ತಿರುಗುತ್ತದೆ. ಈಗ ಕೊನೆಯ ದ್ರವವನ್ನು, ಅದರಲ್ಲಿ ಇಡಿಟಿಎ ಇರುತ್ತದೆ, ಹನಿ ಹನಿಯಾಗಿ ಹಾಕಿ. ಪ್ರತಿ ಹನಿಗೂ ಸೀಸೆ ಅಲ್ಲಾಡಿಸಿ. ಕೆಂಪು ನೇರಳೆಯಾಗುತ್ತದೆ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ, ಅದು ಬೇಡ. ಸೀಸೆಯನ್ನು ಬಿಳಿ ಹಾಳೆ ಮೇಲಿಟ್ಟು ನೋಡಿದರೆ ಅಂಚಿನಲ್ಲಿ ಇನ್ನೂ ಕೆಂಪು ಛಾಯೆ ಕಾಣುತ್ತದೆ. ಅದು ಪೂರ್ತಿ ಹೋಗಿ ಅಚ್ಚ ನೀಲಿ ಬರಬೇಕು. ಒಂದು ಹನಿಗೆ ಎಷ್ಟು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ಹನಿಗಳ ಸಂಖ್ಯೆಯಿಂದ ಗುಣಿಸಿ. ಹನಿ ಹಾಕುತ್ತಾ ಹಾಕುತ್ತಾ ಮುಗಿಯುವುದೇ ಇಲ್ಲ ಅನ್ನಿಸಿದರೆ, ನೀರಿಗೆ ಸಮ ಅಳತೆಯ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು ಉತ್ತರವನ್ನು ಎರಡರಿಂದ ಗುಣಿಸಿ. ಪುಡಿ ಹಾಕಿದ ಕೂಡಲೇ ನೀಲಿ ಬಂದರೆ ಗಡಸುತನ ಇಲ್ಲ ಅಂತಲೇ ಅರ್ಥ.

ಇನ್ನೊಂದು ಅಳತೆ ಇದೆ. ಗೀಸರ್ ತೊಂದರೆ ಇರುವವರು ಇದನ್ನು ಬಿಡಬಾರದು. ಒಂದು ಲೀಟರ್ ನೀರನ್ನು ಹತ್ತು ನಿಮಿಷ ಕುದಿಸಿ ಆರಿಸಿ. ಆವಿಯಾದಷ್ಟನ್ನು ಡಿಸ್ಟಿಲ್ಡ್ ವಾಟರ್‌ನಿಂದ ತುಂಬಿ, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಮತ್ತೆ ಅಳೆಯಿರಿ. ಮೊದಲು 450 ಇದ್ದದ್ದು ಈಗ 180 ಆಗಿದೆ ಅನ್ನಿ. ಕುದಿಸಿದಾಗ ಕಳಚಿಹೋದ 270 ಬೈಕಾರ್ಬೊನೇಟ್ ರೂಪದ ಗಡಸುತನ. ಬಿಸಿ ತಾಗಿದ ಕೂಡಲೇ ಸುಣ್ಣವಾಗಿ ಕೂರುವುದು ಅದೇ. ಉಳಿದ 180 ಸಲ್ಫೇಟ್, ಕ್ಲೋರೈಡ್ ರೂಪದ್ದು. ಅದು ಗೀಸರ್‌ಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ಆದರೆ ಸೋಪನ್ನು ತಿನ್ನುತ್ತದೆ. ಒಟ್ಟು ಗಡಸುತನ ಒಂದೇ ಇದ್ದರೂ ಒಂದು ಮನೆಯ ಗೀಸರ್ ಬೇಗ ಕೆಡುವುದು, ಪಕ್ಕದ ಬೀದಿಯದ್ದು ವರ್ಷಗಟ್ಟಲೆ ಬಾಳುವುದು ಈ ಕಾರಣಕ್ಕೂ ಇರಬಹುದು.

ಯಾವ ನೀರು, ಯಾವ ದಿನ

ಬೆಂಗಳೂರಿನ ಬಹಳ ಮನೆಗಳ ಸಂಪಿನಲ್ಲಿ ಒಂದೇ ನೀರು ಇರುವುದಿಲ್ಲ. ಕಾವೇರಿ ಲೈನ್, ಬೋರ್ ಲೈನ್, ಸಾಲದಿದ್ದಾಗ ಟ್ಯಾಂಕರ್, ಮೂರೂ ಅದೇ ಗುಂಡಿಗೆ ಇಳಿಯುತ್ತವೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ನಗರದ ಅಂಚಿನ 110 ಹಳ್ಳಿಗಳ ಕಡೆಗೂ ಲೈನ್ ಬಂತು, ಆದರೆ ಹಳೇ ಬೋರ್ ಪೈಪನ್ನು ಯಾರು ತಾನೇ ಕಿತ್ತು ಬಿಸಾಡುತ್ತಾರೆ? ಹಾಗಾಗಿ ಸೋಮವಾರದ ಅಳತೆ ಗುರುವಾರಕ್ಕೆ ಇರುವುದಿಲ್ಲ. ಕಾವೇರಿ ಬಂದ ದಿನ ಒಮ್ಮೆ, ಬೋರ್ ಓಡಿಸಿದ ದಿನ ಒಮ್ಮೆ, ಟ್ಯಾಂಕರ್ ತರಿಸಿದ ದಿನ ಒಮ್ಮೆ ಅಳೆದು ಕ್ಯಾಲೆಂಡರ್ ಮೇಲೆ ಬರೆದಿಡಿ. ಬೋರ್ ನೀರನ್ನು ಸಂಪಿಗೆ ಬೀಳುವ ಪೈಪಿನಲ್ಲೇ ಹಿಡಿಯಿರಿ. "ಇವತ್ತು ಮಾತ್ರ ಸೋಪು ಚೆನ್ನಾಗಿ ನೊರೆ ಬಂತು ಕಣ್ರೀ" ಅನ್ನುವುದರ ರಹಸ್ಯ ಅಲ್ಲೇ ಸಿಗುತ್ತದೆ.

ಪ್ರಯೋಗಾಲಯಕ್ಕೆ ಕೊಡುವುದಾದರೆ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು, ಗಾಳಿಗೆ ಜಾಗ ಬಿಡದೆ ತುಂಬಿ, ಅದೇ ದಿನ ಮುಟ್ಟಿಸಿ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಗಡಸುತನದ ಜೊತೆ ಫ್ಲೋರೈಡ್ ಕೂಡ ಅಳೆಸಲೇಬೇಕು. ಅಲ್ಲಿನ ಆಳದ ಬೋರ್ ನೀರಿನ ದೊಡ್ಡ ತೊಂದರೆ ಅದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಸಾಫ್ಟ್‌ನರ್‌ನಿಂದಲೂ ಹೋಗುವುದಿಲ್ಲ. ಕಲಬುರಗಿ ಕಡೆ ನೆಲದಡಿಯೇ ಶಹಾಬಾದ್ ಕಲ್ಲು, ಅಂದರೆ ಸುಣ್ಣದ ಕಲ್ಲು. ಅಲ್ಲಿ ನೀರು ಗಡಸಾಗಿದ್ದರೆ ಆಶ್ಚರ್ಯ ಏನಿದೆ? ಮಲೆನಾಡು, ಕರಾವಳಿಯ ಬಾವಿ ನೀರಿನಲ್ಲಿ ಬೆಳೆದವರಿಗೆ ಮಾತ್ರ ಬೆಂಗಳೂರಿಗೆ ಬಂದ ವಾರದಲ್ಲೇ ಸೋಪು ಯಾಕೋ ಕೆಲಸ ಮಾಡುತ್ತಿಲ್ಲ ಅನ್ನಿಸಲು ಶುರುವಾಗುತ್ತದೆ.

ಗಡಸು ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ ಅನ್ನುವ ಮಾತು ಮನೆಮನೆಯಲ್ಲೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಗಡಸುತನಕ್ಕೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಇಟ್ಟಿಲ್ಲ. ಕಲ್ಲಿನ ತೊಂದರೆ ಈಗಾಗಲೇ ಇರುವವರು ಡಾಕ್ಟರನ್ನು ಕೇಳಲಿ, ಫಿಲ್ಟರ್ ಮಾರುವವರನ್ನಲ್ಲ.

ಬಿಳಿ ಕರೆಯೋ, ಕೆಂಪು ಕರೆಯೋ

ಕರೆಯ ಮೇಲೆ ಬಿಳಿ ವಿನೆಗರ್ ಎರಡು ಹನಿ ಹಾಕಿ ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆ ಎದ್ದು ಚುರ್ ಅಂದರೆ ಅದು ಸುಣ್ಣ, ಗಡಸುತನದ್ದೇ. ಬರೀ ನೀರಿನಲ್ಲಿ ಒರೆಸಿದರೂ ಕರಗಿ ಹೋದರೆ ಅದು ಉಪ್ಪು, ಟಿಡಿಎಸ್ ಕಥೆ. ಹಳದಿ ಅಥವಾ ಇಟ್ಟಿಗೆ ಬಣ್ಣದ ಕರೆ, ಗುಳ್ಳೆ ಏಳುವುದಿಲ್ಲ ಅಂದರೆ ಕಬ್ಬಿಣ. ಖಾತ್ರಿ ಮಾಡಿಕೊಳ್ಳಲು ಬೋರ್ ನೀರನ್ನು ಬಿಳಿ ಬಕೆಟ್‌ನಲ್ಲಿ ಹಿಡಿದು ರಾತ್ರಿಯಿಡೀ ಬಿಡಿ. ಹಿಡಿದಾಗ ತಿಳಿಯಾಗಿದ್ದ ನೀರು ಬೆಳಗ್ಗೆ ಹಳದಿಯಾಗಿ ತಳದಲ್ಲಿ ಕೆಂಪು ಪುಡಿ ಕೂತಿದ್ದರೆ ಕಬ್ಬಿಣ ಗಾಳಿ ಸೋಕಿ ತುಕ್ಕಾಗಿದೆ ಅಂತ ಅರ್ಥ. ಇಂಥ ನೀರಿಗೆ ನೇರ ಸಾಫ್ಟ್‌ನರ್ ಹಾಕಿದರೆ ಒಳಗೆ ಕ್ಯಾಲ್ಸಿಯಂ ಹಿಡಿಯುವ ರೆಸಿನ್ ಕಾಳುಗಳಿಗೆ ತುಕ್ಕು ಮೆತ್ತಿಕೊಂಡು ಮೆಶಿನ್ ಬೇಗ ಹಾಳಾಗುತ್ತದೆ. ಮೊದಲು ಕಬ್ಬಿಣ ತೆಗೆಯುವ ಫಿಲ್ಟರ್, ಆಮೇಲೆ ಸಾಫ್ಟ್‌ನರ್.

ವಿನೆಗರ್, ನಿಂಬೆಹಣ್ಣು ಎಲ್ಲಿ ಹಾಕುತ್ತೀರಿ ಅನ್ನುವುದರ ಮೇಲೆ ಕಣ್ಣಿರಲಿ. ಗ್ರಾನೈಟ್ ಕಟ್ಟೆ ತಡೆಯುತ್ತದೆ. ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು, ಹಳೇ ಮೊಸಾಯಿಕ್ ನೆಲ ತಡೆಯುವುದಿಲ್ಲ. ಅವೆಲ್ಲ ಸುಣ್ಣದ ಬಳಗದವೇ ಆದ್ದರಿಂದ ಕರೆಯ ಜೊತೆಗೆ ಕಲ್ಲಿನ ಹೊಳಪೂ ಹೋಗುತ್ತದೆ. ಬಚ್ಚಲಿಗೆ ಹಾಕುವ ಆ್ಯಸಿಡ್ ಅನ್ನು ನಲ್ಲಿಗೆ ತಾಗಿಸಿದರೆ ಮೇಲಿನ ಕ್ರೋಮ್ ಕಿತ್ತು ಬರುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಅಂತೂ ಯಾವತ್ತೂ ಒಟ್ಟಿಗೆ ಸೇರಬಾರದು. ಮುಚ್ಚಿದ ಬಾತ್‌ರೂಮಿನಲ್ಲಿ ಕ್ಲೋರಿನ್ ಗಾಳಿ ಏಳುತ್ತದೆ, ಪ್ರಾಣಕ್ಕೇ ಅಪಾಯ.

ಗೀಸರ್

ಗಡಸು ನೀರಿನ ಹೊಡೆತ ಜಾಸ್ತಿ ಬೀಳುವುದು ಇಲ್ಲೇ. ತಪ್ಪು ತೀರ್ಮಾನ ಜಾಸ್ತಿ ಆಗುವುದೂ ಇಲ್ಲೇ.

ಕಾಯುವಾಗ ಟಪ್ ಟಪ್, ಗೊರ ಗೊರ ಸದ್ದು ಬಂದರೆ ಕರೆ ಕಟ್ಟಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಎಲಿಮೆಂಟ್ ಮೇಲಿನ ಸುಣ್ಣದ ಪದರದೊಳಗೆ ನುಗ್ಗಿದ ನೀರು ಅಲ್ಲೇ ಕುದಿದು ಆವಿಯಾಗಿ ಒಡೆದು ಬರುವ ಸದ್ದು ಅದು. ಇಂಥ ಗೀಸರ್ ಬಿಚ್ಚಿ ಎಲಿಮೆಂಟ್ ಹೊರಗೆಳೆದರೆ ತಾಮ್ರದ ಕೊಳವೆ ಕಣ್ಣಿಗೆ ಬೀಳುವುದೇ ಇಲ್ಲ. ಬೂದುಬಿಳುಪಿನ ಹಕ್ಕಳೆ ಸುತ್ತಲೂ ದಪ್ಪಗೆ ಮೆತ್ತಿಕೊಂಡು ಎರಡು ಸುರುಳಿಗಳ ನಡುವಿನ ಸಂದು ಮುಚ್ಚಿಹೋಗಿರುತ್ತದೆ. ಉಗುರಿನಲ್ಲಿ ಒತ್ತಿದರೆ ಮೇಲಿನ ಚೂರು ಪಟ್ಟನೆ ಉದುರುತ್ತದೆ, ಒಳಗಿನದ್ದು ಕಲ್ಲಿನಷ್ಟು ಗಟ್ಟಿ. ಟ್ಯಾಂಕಿನ ತಳದಲ್ಲಿ ಹಿಂದೆಯೇ ಉದುರಿದ ಚೂರುಗಳು ಗಲಗಲ ಅನ್ನುತ್ತವೆ.

ನೀರು ಕಾಯಲು ಹೊತ್ತು ಹಿಡಿಯುತ್ತಿದೆ ಅಂದಾಗಲೂ ಎಲ್ಲರೂ ಕರೆಯನ್ನೇ ದೂರುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಿ. ಕರೆಂಟ್ ಗೀಸರ್‌ನಲ್ಲಿ ಎಲಿಮೆಂಟಿನ ಬಿಸಿ ಎಲ್ಲಿಗೆ ಹೋಗಬೇಕು? ಪದರ ಎಷ್ಟೇ ದಪ್ಪ ಇದ್ದರೂ ಕೊನೆಗೆ ನೀರಿಗೇ ಇಳಿಯಬೇಕು. ಕರೆಯಿಂದ ಎಲಿಮೆಂಟ್ ಒಳಗೊಳಗೇ ಅತಿಯಾಗಿ ಕಾದು ಬೇಗ ಸುಟ್ಟುಹೋಗುತ್ತದೆ, ನಿಜ. ಆದರೆ ಕಾಯುವ ಸಮಯ ಅಷ್ಟೇನೂ ಬದಲಾಗುವುದಿಲ್ಲ. ಲೆಕ್ಕ ಹಾಕಿ ನೋಡಿ. 15 ಲೀಟರಿನ, 2 ಕಿಲೋವ್ಯಾಟಿನ ಗೀಸರ್ 25 ಡಿಗ್ರಿ ನೀರನ್ನು 55ಕ್ಕೆ ತರಲು ಸುಮಾರು 16 ನಿಮಿಷ ಬೇಕು. ನಿಮ್ಮಲ್ಲಿ 23 ನಿಮಿಷ ಹಿಡಿಯುತ್ತಿದ್ದರೆ ಮೊದಲು ವೋಲ್ಟೇಜ್ ನೋಡಿಸಿ. 230 ಇರಬೇಕಾದ್ದು 190ಕ್ಕೆ ಇಳಿದರೆ ಶಕ್ತಿ ಮೂರನೇ ಒಂದು ಪಾಲು ಖೋತಾ, 16 ನಿಮಿಷದ ಕೆಲಸಕ್ಕೆ ಸರಿಯಾಗಿ 23 ನಿಮಿಷ ಹಿಡಿಯುತ್ತದೆ. ಐದಾರು ನಿಮಿಷಕ್ಕೇ ದೀಪ ಆರಿ ನೀರು ಬರೀ ಉಗುರು ಬೆಚ್ಚಗಿದ್ದರೆ ಮಾತ್ರ ಮತ್ತೆ ಕರೆಯ ಕಡೆ ಬನ್ನಿ. ಥರ್ಮೋಸ್ಟಾಟ್ ಕಡ್ಡಿಯ ಸುತ್ತ ಸುಣ್ಣ ಮೆತ್ತಿದ್ದರೆ ಅಥವಾ ಪಕ್ಕದ ಎಲಿಮೆಂಟ್ ಅತಿಯಾಗಿ ಕಾದಿದ್ದರೆ ಅದು ಬೇಗ ಕಟ್ ಮಾಡಿಬಿಡುತ್ತದೆ. ಥರ್ಮೋಸ್ಟಾಟೇ ಕೆಟ್ಟಿದ್ದರೂ ಲಕ್ಷಣ ಇದೇ, ಆದ್ದರಿಂದ ಬಿಚ್ಚಿಸಿ ನೋಡದೆ ಬೇರೆ ದಾರಿ ಇಲ್ಲ.

ಗೀಸರ್ ಹಾಕಿದ ಕೂಡಲೇ ಕರೆಂಟ್ ಸೋರಿದಾಗ ತಾನೇ ಕಡಿಯುವ ಸ್ವಿಚ್, ಅಂದರೆ ಆರ್‌ಸಿಸಿಬಿ ಬೀಳುತ್ತಿದ್ದರೆ ಎಲಿಮೆಂಟಿನ ಕವಚ ಬಿರುಕು ಬಿಟ್ಟು ಕರೆಂಟ್ ನೀರಿಗೆ ಸೋರುತ್ತಿರಬಹುದು. ಆರ್‌ಸಿಸಿಬಿ ಬೈಪಾಸ್ ಮಾಡಿ "ಈಗ ಸರಿ ಹೋಯ್ತು" ಅನ್ನುವ ಎಲೆಕ್ಟ್ರಿಷಿಯನ್ ಇದ್ದರೆ ಅವರನ್ನು ಬದಲಾಯಿಸಿ. ನಲ್ಲಿ ಮುಟ್ಟಿದಾಗ ಜುಮ್ಮೆಂದರೆ ಅವತ್ತೇ ಗೀಸರ್ ಬಂದ್. ಪಕ್ಕದ ಸುರಕ್ಷತಾ ವಾಲ್ವ್ ಕೂಡ ನೋಡಿಸಿ. ಕಾಯುವಾಗ ಒಂದೆರಡು ಹನಿ ಬಿದ್ದರೆ ಚಿಂತೆ ಇಲ್ಲ. ಸುಣ್ಣ ಕಟ್ಟಿ ಪೂರ್ತಿ ಜಾಮ್ ಆಗಿದ್ದರೆ ಅಪಾಯ. ಒಳಗಿನ ಒತ್ತಡ ಹೊರಹೋಗಲು ಇರುವ ದಾರಿಯೇ ಅದು.

ಕರೆ ತೆಗೆಯುವ ಕೆಲಸ ಹೀಗೆ. ಸ್ವಿಚ್ ಆರಿಸಿದರೆ ಸಾಲದು, ಎಂಸಿಬಿಯನ್ನೇ ಇಳಿಸಿ. ನೀರು ತಣ್ಣಗಾದ ಮೇಲೆ ಒಳಹರಿವಿನ ವಾಲ್ವ್ ಮುಚ್ಚಿ ಟ್ಯಾಂಕ್ ಖಾಲಿ ಮಾಡಿ. ಎಲಿಮೆಂಟ್ ಬಿಚ್ಚುವುದನ್ನು ಕೈಪಳಗಿದವರಿಗೇ ಬಿಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಉಗುರು ಬೆಚ್ಚಗಿನ ನೀರು, ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆ್ಯಸಿಡ್. ವೈರ್ ಸೇರುವ ತುದಿ ನೀರಿಗೆ ತಾಗದ ಹಾಗೆ ಎಲಿಮೆಂಟ್ ಇಳಿಬಿಡಿ. ಗುಳ್ಳೆ ಏಳುವುದು ನಿಂತ ಮೇಲೂ ಪದರ ಉಳಿದಿದ್ದರೆ ದ್ರಾವಣ ಸತ್ತಿದೆ, ಹೊಸದು ಮಾಡಿ. ಸ್ಕ್ರೂಡ್ರೈವರ್‌ನಿಂದ ಕೆರೆಯುವುದು, ಟ್ಯಾಂಕಿಗೆ ಸುತ್ತಿಗೆ ತಟ್ಟುವುದು ಎರಡೂ ಬೇಡ. ತಾಮ್ರ ಗೀರು ಬೀಳುತ್ತದೆ, ಟ್ಯಾಂಕಿನೊಳಗಿನ ಗಾಜಿನ ಲೇಪ ಒಡೆಯುತ್ತದೆ. ಬಿಚ್ಚಿದಾಗಲೇ ಮೆಗ್ನೀಸಿಯಂ ಆನೋಡ್ ಕಡ್ಡಿ ಎಷ್ಟು ಸವೆದಿದೆ ಅಂತಲೂ ನೋಡಿ ಬದಲಿಸಿ. ಮುಚ್ಚಿದ ಮೇಲೆ ಟ್ಯಾಂಕ್ ತುಂಬಿ ಬಿಸಿ ನಲ್ಲಿಯಲ್ಲಿ ನೀರು ಬರುವವರೆಗೂ ಕರೆಂಟ್ ಕೊಡಬೇಡಿ.

ಇನ್ನು ಉಷ್ಣತೆ. ಸುಣ್ಣ ಕೂರುವುದು ಬಿಸಿ ಏರಿದಷ್ಟೂ ಜೋರಾಗುತ್ತದೆ. 75ರಲ್ಲಿ ಇಟ್ಟಿದ್ದರೆ 60ಕ್ಕೆ ಇಳಿಸಿ. ಸುಡು ನೀರು ಮಾಡಿ ಅದಕ್ಕೆ ತಣ್ಣೀರು ಬೆರೆಸುವ ಅಭ್ಯಾಸದಿಂದ ಗೀಸರ್‌ಗೆ ಮಾತ್ರ ನಷ್ಟ.

ಸೋಲಾರ್ ಇರುವವರಿಗೆ ಒಂದೇ ಮಾತು. ಚಪ್ಪಟೆ ಪ್ಯಾನೆಲ್‌ನ ಸಣ್ಣ ತಾಮ್ರದ ಕೊಳವೆಗಳು ಗಡಸು ನೀರಿಗೆ ಬೇಗ ಕಟ್ಟುತ್ತವೆ. ಗಾಜಿನ ಕೊಳವೆಯದ್ದು ಅಷ್ಟು ಬೇಗ ಕಟ್ಟುವುದಿಲ್ಲ, ತಳದಲ್ಲಿ ಪುಡಿ ಕೂತರೆ ಕೊಳವೆ ಬಿಚ್ಚಿ ತೊಳೆಯಲೂಬಹುದು.

ನೀರು ಸಣ್ಣಗೆ ಬರುತ್ತಿದೆ

ಒಂದು ನಲ್ಲಿಯಲ್ಲಿ ಮಾತ್ರ ಸಣ್ಣಗೆ ಬಂದರೆ ಅದರ ಮೂತಿಯ ಜಾಲರಿ ತಿರುಗಿಸಿ ಬಿಚ್ಚಿ. ಬಿಚ್ಚಿದ ಮೇಲೆ ಜೋರಾಗಿ ಬಂತೋ, ದೋಷ ಜಾಲರಿಯಲ್ಲೇ. ಮರಳಿದ್ದರೆ ತೊಳೆದರೆ ಸಾಕು. ಸುಣ್ಣವಾದರೆ ರಾತ್ರಿ ವಿನೆಗರ್‌ನಲ್ಲಿ ನೆನೆಸಿ. ತಣ್ಣೀರು ಜೋರಾಗಿ, ಬಿಸಿ ನೀರು ಮಾತ್ರ ಸಣ್ಣಗೆ ಅಂದರೆ ಗೀಸರ್‌ನ ಒಳಹರಿವಿನ ವಾಲ್ವ್ ಅಥವಾ ಹೊರಹರಿವಿನ ಪೈಪು ಕಟ್ಟಿದೆ. ಮನೆಯಿಡೀ ಸಣ್ಣಗೆ ಅಂದರೆ ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ನೋಡಿ. ಶವರ್‌ಗೆ ಪ್ಲಾಸ್ಟಿಕ್ ಕವರ್‌ನಲ್ಲಿ ವಿನೆಗರ್ ತುಂಬಿ ಕಟ್ಟಿಬಿಟ್ಟರೆ ಬಿಚ್ಚುವ ಗೋಜೇ ಇಲ್ಲ. ಫ್ಲಶ್ ಟ್ಯಾಂಕ್ ನಿಲ್ಲದೆ ಸೋರುತ್ತಿದ್ದರೂ ರಬ್ಬರ್ ಕೂರುವ ಜಾಗದಲ್ಲಿ ಸುಣ್ಣ ಇದೆಯಾ ಅಂತ ಬೆರಳಾಡಿಸಿ ನೋಡಿ.

ಅಡುಗೆ ಮನೆ, ಬಟ್ಟೆ, ತಲೆ

ಬೇಳೆ ಬೇಯದಿದ್ದರೆ ನೀರನ್ನೋ ಬೇಳೆಯನ್ನೋ ಅನುಮಾನಿಸಬೇಕು. ಒಂದೇ ಡಬ್ಬಿಯ ಬೇಳೆಯನ್ನು ಎರಡು ಡಬರಿಗೆ ಹಾಕಿ, ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಆರ್‌ಓ ಅಥವಾ ಕಾವೇರಿ ನೀರು ಹಾಕಿ ಒಂದೇ ಕುಕ್ಕರ್‌ನಲ್ಲಿ ಇಡಿ. ಎರಡೂ ಬೇಯದಿದ್ದರೆ ಬೇಳೆ ಹಳೇದು, ಅಂಗಡಿ ಬದಲಿಸಿ. ಬೋರ್ ನೀರಿನದ್ದು ಮಾತ್ರ ಗಟ್ಟಿ ಉಳಿದರೆ ಗಡಸುತನ. ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಜೊತೆ ಕ್ಯಾಲ್ಸಿಯಂ ಸೇರಿಕೊಂಡು ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಯುತ್ತದೆ, ಆದರೆ ಬಿ1 ವಿಟಮಿನ್ ಹಾಳಾಗುತ್ತದೆ. ಬೇಳೆಗೆ ಬೇಕಾದ ಒಂದೆರಡು ಲೋಟ ಒಳ್ಳೆ ನೀರು ಬೇರೆ ಇಡುವುದೇ ವಾಸಿ. ಅಲ್ಯೂಮಿನಿಯಂ ಕುಕ್ಕರ್ ಒಳಗೆ ಕಪ್ಪಾಗುವುದೂ ಇಂಥ ಕ್ಷಾರದ ನೀರಿನಿಂದಲೇ. ತಳದ ನೀರಿಗೆ ಹುಣಸೆಹಣ್ಣಿನ ಚೂರು ಹಾಕುವ ಅಜ್ಜಿಯರ ಕ್ರಮ ಪಕ್ಕಾ ಸರಿ. ಇಡ್ಲಿ ಪಾತ್ರೆಗೂ ಅದೇ ಮದ್ದು.

ಬಟ್ಟೆ ಒಣಗಿದ ಮೇಲೆ ಬಿರುಸಾಗಿ ನಿಂತರೆ, ಬಿಳಿ ಅಂಗಿ ಮಾಸಲಾದರೆ ಪುಡಿ ಜಾಸ್ತಿ ಸುರಿಯುವ ಮೊದಲು ಬಕೆಟ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ನೋಡಿ. ಅದು ಕ್ಯಾಲ್ಸಿಯಂ ಅನ್ನು ಮೊದಲೇ ತಳಕ್ಕೆ ಕೂರಿಸುತ್ತದೆ. ರೇಷ್ಮೆ, ಉಣ್ಣೆಗೆ ಮಾತ್ರ ಬೇಡ. ವಾಷಿಂಗ್ ಮೆಶಿನ್ ನೀರು ತೆಗೆದುಕೊಳ್ಳುತ್ತಿಲ್ಲ ಅಂತ ನಿಂತರೆ ಹಿಂದಿನ ಪೈಪು ಬಿಚ್ಚಿ ಅಲ್ಲಿರುವ ಚಿಕ್ಕ ಜಾಲರಿ ತೊಳೆಯಿರಿ. ಸರ್ವಿಸ್ ಚಾರ್ಜ್ ಉಳಿದರೂ ಉಳಿಯಬಹುದು.

ಕೂದಲು ಒರಟಾಗುವುದು, ಸಿಕ್ಕಾಗುವುದು ಗಡಸು ನೀರಿನಿಂದ ಆಗುತ್ತದೆ. ಉದುರುವುದಕ್ಕೆ ಬೇರೆ ನೂರು ಕಾರಣ ಇವೆ, ಶವರ್ ಫಿಲ್ಟರ್ ಜಾಹೀರಾತು ನೋಡಿ ನೀರನ್ನೇ ಹಿಡಿದುಕೊಳ್ಳಬೇಡಿ. ಅಂದಹಾಗೆ ಶವರ್‌ಗೆ ಸಿಕ್ಕಿಸುವ ಆ ಪುಟ್ಟ ಡಬ್ಬಿಯ ಮುಂದಿನ ನೀರು, ಹಿಂದಿನ ನೀರು ಎರಡನ್ನೂ ಹನಿ ಕಿಟ್‌ನಲ್ಲಿ ಅಳೆಯಿರಿ. ವ್ಯತ್ಯಾಸ ಕಾಣದಿದ್ದರೆ ವಾಪಸ್ ಕಳಿಸಿ. ಅಂಟುವಾಳ, ಸೀಗೆಕಾಯಿಯ ನೊರೆ ಸೋಪಿನ ಹಾಗೆ ಕ್ಯಾಲ್ಸಿಯಂಗೆ ಸಿಕ್ಕಿ ಗಸಿಯಾಗುವುದಿಲ್ಲ. ಬೋರ್ ನೀರಿನ ಮನೆಯಲ್ಲಿ ತಲೆಗೆ ಅದು ಇವತ್ತಿಗೂ ಒಳ್ಳೆಯದೇ.

ಆರ್‌ಓ: ಇಲ್ಲಿ ಟಿಡಿಎಸ್ ಮೀಟರ್ ತೆಗೆಯಿರಿ

ಆರ್‌ಓ ಎಲ್ಲ ಲವಣಗಳನ್ನೂ ತಡೆಯುವುದರಿಂದ ಅದನ್ನು ಪರೀಕ್ಷಿಸಲು ಜೇಬಿನ ಮೀಟರ್ ತಕ್ಕ ಸಾಧನ. ಒಳಗೆ ಹೋಗುವ ನೀರು 780 ಇದ್ದರೆ ಹೊರಬರುವುದು ಸುಮಾರು 80ರ ಹತ್ತಿರ ಇರಬೇಕು. 250 ಬಂದರೆ ಮೆಂಬ್ರೇನ್ ಹೋಗಿದೆ ಅನ್ನುವ ಮೊದಲು ರುಚಿಗೆಂದು ಹಸಿ ನೀರು ಬೆರೆಸುವ ಟಿಡಿಎಸ್ ಕಂಟ್ರೋಲರ್ ತೆರೆದಿದೆಯಾ ನೋಡಿ. ಅಂಕಿ ಚೆನ್ನಾಗಿದ್ದು ನೀರು ಮಾತ್ರ ತೊಟ್ಟಿಕ್ಕುತ್ತಿದ್ದರೆ ಮೊದಲು ಹೊರಗಿನ ಪ್ರಿಫಿಲ್ಟರ್ ಬದಲಿಸಿ. ಅದರಿಂದಲೂ ಆಗದಿದ್ದರೆ ಪಂಪಿನ ಒತ್ತಡ ನೋಡಿಸಿ, ಅಥವಾ ಮೆಂಬ್ರೇನ್ ಮೇಲೆ ಸುಣ್ಣ ಕೂತಿದೆ. ಹೊರಚೆಲ್ಲುವ ನೀರು ಬೋರ್ ನೀರಿಗಿಂತ ಗಡಸು. ನೆಲ ಒರೆಸಬಹುದು, ಬಿಳಿ ಗುರುತು ಬಿದ್ದರೆ ಬೇಸರ ಬೇಡ.

ಸಾಫ್ಟ್‌ನರ್ ಇದ್ದೂ ನೀರು ಗಡಸು

ಮೆಶಿನ್‌ಗೆ ಮೊದಲು ಒಂದು ಸೀಸೆ, ನಂತರ ಒಂದು ಸೀಸೆ ನೀರು ಹಿಡಿದು ಹನಿ ಕಿಟ್‌ನಲ್ಲಿ ಅಳೆಯಿರಿ. ನಂತರದ್ದು ಕೂಡಲೇ ನೀಲಿಯಾದರೆ ಮೆಶಿನ್ ಸರಿ ಇದೆ, ದೋಷ ಬೇರೆ ಕಡೆ. ಒಂದು ಬಾತ್‌ರೂಮಿನ ಲೈನ್ ಸಾಫ್ಟ್‌ನರ್ ದಾಟದೆ ನೇರ ಟ್ಯಾಂಕಿನಿಂದ ಬಂದಿರುವುದು ಅಪರೂಪವೇನಲ್ಲ. ಎರಡೂ ಸೀಸೆ ಒಂದೇ ಅಂದರೆ ಮುಂದಕ್ಕೆ ಹೋಗಿ.

ಮೊದಲು ನೀರನ್ನು ಮೆಶಿನ್ ದಾಟಿಸದೆ ನೇರ ಬಿಡುವ ಬೈಪಾಸ್ ವಾಲ್ವ್. ಟ್ಯಾಂಕ್ ತೊಳೆಯಲು ಬಂದವರು ತಿರುಗಿಸಿ ಹಾಗೇ ಬಿಟ್ಟು ಹೋಗಿರುತ್ತಾರೆ. ಆಮೇಲೆ ಉಪ್ಪಿನ ತೊಟ್ಟಿ. ಹಿಡಿದ ಕ್ಯಾಲ್ಸಿಯಂ ಬಿಡಿಸಲು ರೆಸಿನ್ ಅನ್ನು ಆಗಾಗ ಇದರ ಉಪ್ಪುನೀರಿನಲ್ಲಿ ತೊಳೆಯಬೇಕು, ಅದಕ್ಕೇ ರೀಜನರೇಶನ್ ಅನ್ನುವುದು. ಮೇಲಿಂದ ನೋಡಿದರೆ ತುಂಬಿರುವ ಹಾಗೆ ಕಾಣುತ್ತದೆ, ಕೋಲಿನಿಂದ ಚುಚ್ಚಿ ನೋಡಿ. ಮೇಲಿನ ಉಪ್ಪು ಹೆಪ್ಪುಗಟ್ಟಿ ಚಪ್ಪಡಿಯಾಗಿ ಕೆಳಗೆ ಟೊಳ್ಳಾಗಿದ್ದರೆ ಕೋಲು ಟಪಕ್ಕನೆ ಒಳಗಿಳಿಯುತ್ತದೆ. ಕೆಳಗಿನ ನೀರಿಗೆ ಉಪ್ಪೇ ತಾಗದಿದ್ದರೆ ರೆಸಿನ್ ತೊಳೆಯುವುದು ಹೇಗೆ? ಚಪ್ಪಡಿ ಒಡೆದು, ಮುಂದೆ ಒಂದೇ ಸಲ ಮೂಟೆ ಸುರಿಯದೆ ಸ್ವಲ್ಪ ಸ್ವಲ್ಪವೇ ಹಾಕಿ. ಹರಳುಪ್ಪೇ ಬೇಕು, ಅಡುಗೆಯ ಪುಡಿ ಉಪ್ಪು ಕೆಸರಾಗುತ್ತದೆ.

ಆಟೋಮ್ಯಾಟಿಕ್ ಮೆಶಿನ್ ಆದರೆ ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದು ಸಮಯ ತಪ್ಪಿದರೆ ರಾತ್ರಿ ತೊಳೆದುಕೊಳ್ಳಬೇಕಾದದ್ದು ಬೆಳಗ್ಗೆ ಎಲ್ಲರೂ ಸ್ನಾನ ಮಾಡುವಾಗ ತೊಳೆದುಕೊಳ್ಳುತ್ತದೆ, ಆ ಹೊತ್ತಿಗೆ ಗಡಸು ನೀರೇ ನೇರ ಬರುತ್ತದೆ. ಕೈಯಲ್ಲೇ ರೀಜನರೇಶನ್ ಶುರು ಮಾಡಿ ಪಕ್ಕ ನಿಂತು ನೋಡಿ. ತೊಟ್ಟಿಯ ಉಪ್ಪುನೀರು ಇಳಿಯಬೇಕು. ಇಳಿಯದಿದ್ದರೆ ಉಪ್ಪುನೀರು ಎಳೆಯುವ ಇಂಜೆಕ್ಟರ್ ತೂತು ಕಟ್ಟಿದೆ ಅಥವಾ ಸಣ್ಣ ಟ್ಯೂಬ್ ಎಲ್ಲೋ ಗಾಳಿ ಎಳೆಯುತ್ತಿದೆ. ನಲ್ಲಿಯಲ್ಲಿ ಉಪ್ಪು ರುಚಿ ಬಂದರೆ ಕೊನೆಯ ತೊಳೆತ ಸಾಲುತ್ತಿಲ್ಲ, ಡ್ರೈನ್ ಪೈಪು ಮಡಚಿದೆಯಾ ನೋಡಿ. ಜಾಲರಿಯಲ್ಲಿ ಸಾಸಿವೆಗಿಂತ ಸಣ್ಣ ಕಂದು ಕಾಳು ಸಿಕ್ಕರೆ ಒಳಗಿನ ಸ್ಟ್ರೈನರ್ ಒಡೆದು ರೆಸಿನ್ ಹೊರಬರುತ್ತಿದೆ. ಅದು ಮೆಕ್ಯಾನಿಕ್ ಕೆಲಸ.

ಮೂರು ದಿನ ಚೆನ್ನಾಗಿದ್ದು ನಾಲ್ಕನೇ ದಿನ ಕೆಡುತ್ತದೆ ಅಂದರೆ ಮೆಶಿನ್ ದೋಷ ಅಲ್ಲ, ಲೆಕ್ಕದ ದೋಷ. 25 ಲೀಟರ್ ರೆಸಿನ್ ಇದ್ದರೆ, ಲೀಟರಿಗೆ ಸುಮಾರು 50 ಗ್ರಾಂನಂತೆ 1250 ಗ್ರಾಂ ಗಡಸುತನ ಹಿಡಿಯುತ್ತದೆ. ನಿಮ್ಮ ನೀರು 500 ಇದ್ದರೆ ಅಷ್ಟರಲ್ಲಿ 2500 ಲೀಟರ್ ಮೆತ್ತಗಾಗುತ್ತದೆ. ಐದು ಜನ, ತಲೆಗೆ 135 ಲೀಟರ್, ಅಂದರೆ ದಿನಕ್ಕೆ 675. ನಾಲ್ಕನೇ ದಿನ ಮಧ್ಯಾಹ್ನಕ್ಕೇ ಮುಗಿಯಿತು. ವಾರಕ್ಕೊಮ್ಮೆ ಅಂತ ಸೆಟ್ ಮಾಡಿದ್ದರೆ ಉಳಿದ ದಿನ ಗಡಸು ನೀರೇ ಗತಿ. ಮೂರು ದಿನಕ್ಕೊಮ್ಮೆ ಮಾಡಿ. ಪ್ರತಿ ಸಲಕ್ಕೂ ಮೂರು ಕಿಲೋ ಆಸುಪಾಸು ಉಪ್ಪು ಬೇಕಾಗುತ್ತದೆ. ಇದು ದುಬಾರಿ ಅನ್ನಿಸಿದರೆ ಗೀಸರ್ ಮತ್ತು ಬಟ್ಟೆ ಮೆಶಿನ್ ಲೈನಿಗೆ ಮಾತ್ರ ಸಾಫ್ಟ್‌ನರ್ ಕೊಡಿ. ಗಿಡಕ್ಕೆ, ಕಮೋಡ್‌ಗೆ, ಕಾರು ತೊಳೆಯಲು ಬೋರ್ ನೀರೇ ಇರಲಿ. ಸಾಫ್ಟ್‌ನರ್ ನೀರಿನ ಸೋಡಿಯಂ ಗಿಡಗಳಿಗೆ ಒಗ್ಗುವುದಿಲ್ಲ. ಪ್ರತಿ 100 ಗಡಸುತನ ತೆಗೆದಾಗ ಲೀಟರಿಗೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿಗೆ ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದವರು ಇದನ್ನು ಕುಡಿಯುವುದು ಬೇಡ.

ಪೈಪಿಗೆ ಕಟ್ಟುವ ಅಯಸ್ಕಾಂತ, ವೈರ್ ಸುತ್ತುವ ಪೆಟ್ಟಿಗೆ ಮಾರಲು ಬಂದರೆ ಅದೇ ಎರಡು ಸೀಸೆ ಪರೀಕ್ಷೆ ಅವರ ಮುಂದೆಯೇ ಮಾಡಿ. ಹನಿಗಳ ಸಂಖ್ಯೆ ಬದಲಾಗುವುದಿಲ್ಲ. "ಗಡಸುತನ ಹಾಗೇ ಇರುತ್ತೆ ಸಾರ್, ಆದ್ರೆ ಕರೆ ಕಟ್ಟಲ್ಲ" ಅಂದರೆ ಒಂದು ವರ್ಷ ಹಣ ವಾಪಸ್ ಅಂತ ಬರೆದುಕೊಡಲು ಹೇಳಿ.

ಕೊನೆಗೆ ಡ್ರೈನ್. ರೀಜನರೇಶನ್ ಆದಾಗ ಹೊರಬರುವ ಉಪ್ಪುನೀರನ್ನು ಮಳೆ ನೀರು ಇಂಗುವ ಗುಂಡಿಗೆ ಬಿಡಲೇಬಾರದು, ಅದು ಇಳಿದು ನಿಮ್ಮದೇ ಬೋರ್‌ಗೆ ಸೇರುತ್ತದೆ. ಒಳಚರಂಡಿ ಲೈನಿಗೆ ಕೊಡಿ. ಪೈಪಿನ ತುದಿ ಚರಂಡಿ ನೀರಿನಲ್ಲಿ ಮುಳುಗದೆ ಎರಡಿಂಚಾದರೂ ಮೇಲಿರಲಿ. ಇಲ್ಲದಿದ್ದರೆ ಕೊಳಕು ನೀರನ್ನು ಮೆಶಿನ್ ಹಿಂದಕ್ಕೆ ಎಳೆದುಕೊಳ್ಳಬಹುದು.